ಗುರುತಿಲ್ಲದವರು ಫೋನ್ ಕೇಳಿದರೆ ಕೊಡುವುದಾ, ಬೇಡವಾ? ಮೊಬೈಲ್ ರಿಪೇರಿ ಅಣ್ಣನಿಗೆ ಪ್ರಶ್ನೆ

ಪ್ರಶ್ನೆ (ಸುರತ್ಕಲ್‌ನಿಂದ):

ಅಣ್ಣಾ ನಮಸ್ಕಾರ. ಎರಡು ದಿನದಿಂದ ಇದೇ ತಲೆಯಲ್ಲಿ ಓಡುತ್ತಿದೆ, ಅದಕ್ಕೇ ಕೇಳುತ್ತಿದ್ದೇನೆ. ಮೊನ್ನೆ ಸಂಜೆ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಜೋರು ಮಳೆ. ಒಬ್ಬರು ಅಜ್ಜ ಹತ್ತಿರ ಬಂದರು, ಪಂಚೆ ಮೊಣಕಾಲಿನವರೆಗೆ ಒದ್ದೆ, ಕೈಯಲ್ಲಿ ಔಷಧಿಯ ತೊಟ್ಟೆ. ವೆನ್ಲಾಕ್ ಆಸ್ಪತ್ರೆಯಿಂದ ಬರುತ್ತಿದ್ದಾರಂತೆ. "ಮಗಾ, ಈ ನಂಬರಿಗೆ ಒಂದು ಫೋನ್ ಮಾಡಿ ಕೊಡ್ತೀಯಾ" ಎಂದು ಒಂದು ಚೀಟಿ ಮುಂದೆ ಹಿಡಿದರು. ನಾನು "ಚಾರ್ಜ್ ಇಲ್ಲ ಅಜ್ಜಾ" ಎಂದುಬಿಟ್ಟೆ. ಫೋನ್ ನನ್ನ ಕೈಯಲ್ಲೇ ಇತ್ತು, ಲೈಟ್ ಉರಿಯುತ್ತಿತ್ತು, ಅವರಿಗೂ ಕಾಣುತ್ತಿತ್ತು. ಅವರು ಏನೂ ಹೇಳಲಿಲ್ಲ, ಚೀಟಿ ಮಡಚಿ ಪಕ್ಕದವರ ಹತ್ತಿರ ಹೋದರು. ಅಷ್ಟರಲ್ಲಿ ನನ್ನ ಬಸ್ ಬಂತು.

ಫೋನ್ 80 ಸಾವಿರದ್ದು, ಇನ್ನೂ 9 ಕಂತು ಬಾಕಿ. ಕಳೆದ ವರ್ಷ ನನ್ನ ರೂಮ್‌ಮೇಟ್ ಹತ್ತಿರ ಹೀಗೇ ಕೇಳಿ ತೆಗೆದುಕೊಂಡವನು ಬೈಕ್ ಹತ್ತಿ ಹೋಗಿಬಿಟ್ಟ. ಅದಕ್ಕೇ ಹೆದರಿದೆ. ಆದರೆ ಆ ಅಜ್ಜನ ಮುಖ ಹೋಗುತ್ತಿಲ್ಲ. ನಾನು ಏನು ಮಾಡಬೇಕಿತ್ತು?

ಉತ್ತರ:

ತಂಗೀ, ಮೊದಲು ಒಂದು ಮಾತು. ಹೆದರಿದ್ದು ತಪ್ಪಲ್ಲ. ಹಂಪನಕಟ್ಟೆಯಲ್ಲಿ ಅಂಗಡಿ ಇಟ್ಟು 16 ವರ್ಷ ಆಯಿತು. ಫೋನ್ ಕಳೆದುಕೊಂಡು ಬಂದು ಕೌಂಟರ್ ಮುಂದೆ ಅತ್ತವರನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿ. ಅಜ್ಜ ಫೋನ್ ಕೊಡು ಎಂದು ಕೇಳಲೇ ಇಲ್ಲ. "ಫೋನ್ ಮಾಡಿ ಕೊಡ್ತೀಯಾ" ಎಂದರು. ನಂಬರ್ ಚೀಟಿಯಲ್ಲೇ ಇತ್ತು. ನೀವೇ ಒತ್ತಿ, ಸ್ಪೀಕರಿಗೆ ಹಾಕಿ, ಫೋನನ್ನು ನಿಮ್ಮ ಕೈಯಲ್ಲೇ ಹಿಡಿದು ಅವರ ಮುಖದ ಹತ್ತಿರ ತಂದಿದ್ದರೆ ಸಾಕಿತ್ತು. ಒಂದೂವರೆ ನಿಮಿಷದ ಕೆಲಸ.

ನಾನು ಎಲ್ಲರಿಗೂ ಹೇಳುವುದು ಇದನ್ನೇ: ಕಾಲ್ ಕೊಡಿ, ಫೋನ್ ಕೊಡಬೇಡಿ. ಸಹಾಯ ಬೇಕಾದವರಿಗೆ ಬೇಕಾಗಿರುವುದು ನಿಮ್ಮ ಸೆಟ್ ಅಲ್ಲ, ಆ ಕಡೆಯ ಮನುಷ್ಯನ ಜೊತೆ ಒಂದು ಮಾತು. ನಿಜವಾಗಿ ಕಷ್ಟದಲ್ಲಿರುವವರು "ನಂಬರ್ ಹೇಳಿ, ನಾನೇ ಮಾಡ್ತೇನೆ" ಎಂದರೆ ಬೇಜಾರು ಮಾಡುವುದಿಲ್ಲ, ಗಡಿಬಿಡಿಯಲ್ಲಿ ನಂಬರ್ ಹೇಳಲು ಶುರು ಮಾಡುತ್ತಾರೆ. "ಇಲ್ಲ, ನಾನೇ ಒತ್ತಬೇಕು, ನನ್ನ ಕೈಗೇ ಕೊಡಿ" ಎಂದು ಹಟ ಹಿಡಿದರೆ ಮಾತ್ರ ನೀವು ಒಂದು ಹೆಜ್ಜೆ ಹಿಂದೆ ಸರಿಯಿರಿ.

ನೀವು 80 ಸಾವಿರ ಎಂದು ಬರೆದಿದ್ದೀರಿ. ನನ್ನ ಲೆಕ್ಕದಲ್ಲಿ 8 ಸಾವಿರದ ಸೆಟ್ ಆದರೂ ಅಪಾಯ ಅಷ್ಟೇ. ಸೆಟ್ ಹೋದರೆ ಸೆಟ್ ಮಾತ್ರ ಹೋಗುತ್ತದೆ. ಲಾಕ್ ತೆಗೆದ ಫೋನ್ ಎರಡು ನಿಮಿಷ ಇನ್ನೊಬ್ಬರ ಕೈಗೆ ಹೋದರೆ ಅದರೊಳಗಿನ ನೀವೇ ಹೋದ ಹಾಗೆ. ಓಟಿಪಿ ಅದಕ್ಕೇ ಬರುತ್ತದೆ. ಆಧಾರ್ ಫೋಟೋ ಗ್ಯಾಲರಿಯಲ್ಲಿ ಬಿದ್ದಿರುತ್ತದೆ. ಯುಪಿಐ ಲೈಟ್ ಹಾಕಿಕೊಂಡವರಿಗೆ ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಕೂಡ ಬೇಡ, ಅದರಲ್ಲಿ 5,000 ರೂಪಾಯಿವರೆಗೆ ಇಡಬಹುದು. ಆ್ಯಪ್‌ಗೆ ಬೇರೆ ಲಾಕ್ ಇಡದಿದ್ದರೆ ಅದು ಪರ್ಸಿನಲ್ಲಿ ಇಟ್ಟ ನೋಟಿನ ಹಾಗೆ.

ಒಂದು ಪ್ರಕರಣ ಹೇಳುತ್ತೇನೆ. ಮಣಿಪಾಲದಲ್ಲಿ ಓದುವ ಹುಡುಗ ಒಬ್ಬ ಅಂಗಡಿಗೆ ಬಂದ. ಎರಡು ದಿನದಿಂದ ಯಾರ ಕಾಲೂ ಬರುತ್ತಿಲ್ಲ, ವಾಟ್ಸಾಪ್ ತಾನಾಗಿಯೇ ಲಾಗೌಟ್ ಆಗಿದೆ, ಅವನ ಹೆಸರಿನಲ್ಲಿ ಗೆಳೆಯರಿಗೆಲ್ಲ "ತುರ್ತು 5 ಸಾವಿರ ಹಾಕು" ಎಂದು ಮೆಸೇಜ್ ಹೋಗುತ್ತಿದೆ. ಸೆಟ್ ಹಾಳಾಗಿದೆ ಎಂದೇ ಅವನು ತಿಳಿದುಕೊಂಡಿದ್ದ. ನಾನು ಅವನ ಫೋನನ್ನು ಕೌಂಟರಿನ ಗಾಜಿನ ಮೇಲೆ ಇಟ್ಟು, ಅಂಗಡಿಯ ಫೋನಿನಿಂದ ಅವನ ನಂಬರಿಗೆ ರಿಂಗ್ ಕೊಟ್ಟೆ. ನನ್ನ ಕಿವಿಯಲ್ಲಿ ರಿಂಗ್ ಆಗುತ್ತಿದೆ, ಗಾಜಿನ ಮೇಲಿನ ಫೋನ್ ಸುಮ್ನೆ ಮಲಗಿದೆ. ನಾಲ್ಕನೇ ರಿಂಗಿಗೆ ಆ ಕಡೆಯಿಂದ ಯಾರೋ ಗಂಡಸು "ಹಲೋ" ಎಂದ. ಹುಡುಗನ ಮುಖ ಬಿಳಿಚಿತು.

ಆಗ ನೆನಪಾಯಿತು ಅವನಿಗೆ. ಅದಕ್ಕೂ ಹಿಂದಿನ ದಿನ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ಒಳ್ಳೆ ಬಟ್ಟೆ ಹಾಕಿದವನು ಫೋನ್ ಕೇಳಿದ್ದ, ಕೊಟ್ಟಿದ್ದ, ಅವನು ಏನೋ ಒತ್ತಿ "ತೆಗೀತಾ ಇಲ್ಲ" ಎಂದು ನಗುತ್ತಾ ವಾಪಸ್ ಕೊಟ್ಟಿದ್ದ. ಅವನು ಒತ್ತಿದ್ದು ಕಾಲ್ ಡೈವರ್ಟ್. ಒಮ್ಮೆ ಅದು ಕೂತರೆ ನಿಮಗೆ ಬರುವ ಕಾಲ್ ಎಲ್ಲ ಅವನ ನಂಬರಿಗೆ ಹೋಗುತ್ತದೆ. ಆಮೇಲೆ ಅವನು ತನ್ನ ಫೋನಿನಲ್ಲಿ ನಿಮ್ಮ ನಂಬರ್ ಹಾಕಿ ವಾಟ್ಸಾಪ್ ತೆರೆಯುತ್ತಾನೆ, ಕೋಡನ್ನು ಮೆಸೇಜಿನಲ್ಲಿ ಬೇಡ, ಕಾಲ್ ಮಾಡಿ ಹೇಳಿ ಎಂದು ಕೇಳುತ್ತಾನೆ. ಆ ಕಾಲ್ ಹೋಗುವುದು ಅವನಿಗೇ. ಮುಗಿಯಿತು. ಸ್ಟಾರ್-ಹ್ಯಾಶ್ ಒತ್ತಿ ಡೈವರ್ಟ್ ಮಾಡುವುದನ್ನು 2024 ಏಪ್ರಿಲ್ 15ರಿಂದ ನಿಲ್ಲಿಸಬೇಕು ಎಂದು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಕೊಟ್ಟಿತ್ತು, ಆದರೆ ಫೋನಿನ ಕಾಲ್ ಸೆಟ್ಟಿಂಗ್ಸ್ ಒಳಗೂ ಡೈವರ್ಟ್ ಇರುತ್ತದೆ. ಆದೇಶವನ್ನು ನಂಬಿ ಕೂರಬೇಡಿ.

ಇದರಿಂದ ಇನ್ನೊಂದು ವಿಷಯ. ನೀವೇ ಡಯಲ್ ಮಾಡುವಾಗಲೂ ನಂಬರನ್ನು ನೋಡಿ ಒತ್ತಿ. ಮೊಬೈಲ್ ಆದರೆ 10 ಅಂಕೆ. ಲ್ಯಾಂಡ್‌ಲೈನ್ ಆದರೆ ಮಂಗಳೂರಿಗೆ 0824, ಉಡುಪಿಗೆ 0820. ಮೊದಲಿಗೇ *21* ಅಥವಾ *401* ಎಂದು ಹೇಳಿಕೊಟ್ಟರೆ ಅದು ನಂಬರೇ ಅಲ್ಲ. ಒತ್ತಬೇಡಿ.

ಪ್ರಶ್ನೆ (ಉಡುಪಿಯಿಂದ):

ಸರ್, ನಿಮ್ಮ ಉತ್ತರ ಓದಿ ಹೊಟ್ಟೆಯೊಳಗೆ ಕಳವಳ ಶುರುವಾಯಿತು. ನಿನ್ನೆ ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗನಿಗೆ ಕೊಟ್ಟಿದ್ದೆ. ಮಾತಾಡುತ್ತಾ ನಾಲ್ಕು ಹೆಜ್ಜೆ ಆಚೆ ಹೋಗಿ ಬೆನ್ನು ಹಾಕಿ ನಿಂತಿದ್ದ. ಫೋನ್ ವಾಪಸ್ ಕೊಟ್ಟ, ಥ್ಯಾಂಕ್ಸ್ ಅಂದ. ಈಗ ಏನು ನೋಡಬೇಕು?

ಉತ್ತರ:

ಗಾಬರಿ ಬೇಡ. ಹೆಚ್ಚಿನವರು ನಿಜವಾಗಿಯೂ ಮನೆಗೇ ಫೋನ್ ಮಾಡಿರುತ್ತಾರೆ. ಆದರೂ ಈಗಲೇ ಐದು ನಿಮಿಷ ಕೂತು ನೋಡಿ. ಮೊದಲು *#21# ಒತ್ತಿ, ಡೈವರ್ಟ್ ಇದೆಯೋ ಇಲ್ಲವೋ ತೋರಿಸುತ್ತದೆ. ಗೊತ್ತಿಲ್ಲದ ನಂಬರ್ ಕಂಡರೆ ##002# ಒತ್ತಿ, ಎಲ್ಲ ಡೈವರ್ಟ್ ಹೋಗುತ್ತದೆ. ಕೋಡ್ ಕೆಲಸ ಮಾಡದಿದ್ದರೆ ಕಾಲ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ತೆರೆದು ನೋಡಿ. ಆಮೇಲೆ ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್, ಅಲ್ಲಿ ನಿಮ್ಮದಲ್ಲದ ಕಂಪ್ಯೂಟರ್ ಹೆಸರು ಇದ್ದರೆ ಲಾಗೌಟ್ ಮಾಡಿ. ಯುಪಿಐ ಹಿಸ್ಟರಿ ನೋಡಿ. ಹೊಸ ಆ್ಯಪ್ ಏನಾದರೂ ಕೂತಿದೆಯಾ ನೋಡಿ. ನಿನ್ನೆಯ ಕಾಲ್ ಲಿಸ್ಟ್ ತೆರೆದು ಅವನು ಮಾಡಿದ ನಂಬರ್ ಇದೆಯಾ, ಅಳಿಸಿದ್ದಾನಾ ನೋಡಿ. ಅಳಿಸಿದ್ದರೆ ನಾನಾದರೆ ಸಂಶಯ ಪಡುತ್ತೇನೆ.

ವಾಟ್ಸಾಪ್‌ನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಎಂದು ಇದೆ, 6 ಅಂಕೆಯ ಪಿನ್. ಅದನ್ನು ಇವತ್ತೇ ಹಾಕಿಕೊಳ್ಳಿ. ಮಣಿಪಾಲದ ಆ ಹುಡುಗ ಅದೊಂದು ಹಾಕಿದ್ದರೆ ಕೋಡ್ ಸಿಕ್ಕಿದರೂ ಕಳ್ಳ ಹೊರಗೇ ನಿಲ್ಲುತ್ತಿದ್ದ.

ಹಣ ಹೋಗಿದ್ದರೆ ಬ್ಯಾಂಕಿಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ, ನಾಳೆ ನೋಡೋಣ ಎಂದು ಬಿಡಬೇಡಿ. ಬೇಗ ತಿಳಿಸಿದರೆ ಆ ಕಡೆಯ ಖಾತೆಯಲ್ಲೇ ಹಣ ತಡೆಯುವ ಅವಕಾಶ ಜಾಸ್ತಿ. ಸೆಟ್ ಹಿಡಿದುಕೊಂಡೇ ಓಡಿದರೆ ಮೊದಲು ಸಿಮ್ ಬ್ಲಾಕ್, ಆಮೇಲೆ ಪೊಲೀಸ್ ದೂರು, ಆ ದೂರಿನ ಪ್ರತಿ ಇಟ್ಟುಕೊಂಡು ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಸೆಟ್ ಬ್ಲಾಕ್ ಮಾಡಿಸಬಹುದು. 2023ರ ಮೇ ತಿಂಗಳಿನಿಂದ ಇದು ಇಡೀ ದೇಶಕ್ಕೆ ಇದೆ. ಬೇರೆ ಸಿಮ್ ಹಾಕಿದರೂ ಆ ಸೆಟ್ ನಮ್ಮ ದೇಶದ ನೆಟ್‌ವರ್ಕಿನಲ್ಲಿ ನಡೆಯುವುದಿಲ್ಲ. ಅದಕ್ಕೆ ಐಎಂಇಐ ನಂಬರ್ ಬೇಕು, ಅಂದರೆ ಸೆಟ್ಟಿನ ಗುರುತಿನ ನಂಬರ್, 15 ಅಂಕೆ. *#06# ಒತ್ತಿದರೆ ಬರುತ್ತದೆ. ಫೋನ್ ಕೈಯಲ್ಲಿ ಇರುವಾಗಲೇ ಬರೆದಿಡಿ. ಕಳೆದುಕೊಂಡವರಲ್ಲಿ ಹೆಚ್ಚಿನವರು ಆ ನಂಬರ್ ಇರುವ ಬಾಕ್ಸನ್ನು ಗುಜರಿಗೆ ಹಾಕಿ ಆಗಿರುತ್ತದೆ.

ಪ್ರಶ್ನೆ (ಬಂಟ್ವಾಳದಿಂದ):

ಅಣ್ಣಾ, ಸ್ಪೀಕರಿಗೆ ಹಾಕಿ ಎಂದಿರಿ. ಆದರೆ ಆಸ್ಪತ್ರೆಯ ಎದುರು ಒಬ್ಬರು ಹೆಂಗಸು ಮನೆಯ ಕಷ್ಟ ಹೇಳಬೇಕಾದಾಗ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕುವುದು ಸರಿಯಾ? ನನ್ನ ಅಮ್ಮನಿಗೆ ಹಾಗೆ ಆದರೆ ನನಗೆ ಬೇಸರ ಆಗುತ್ತದೆ.

ಉತ್ತರ:

ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಕಷ್ಟದಲ್ಲಿರುವವರ ಮರ್ಯಾದೆಯೂ ಉಳಿಯಬೇಕು.

ನನ್ನ ಉಪಾಯ ವಯರ್ ಇಯರ್‌ಫೋನ್. ಮೈಕ್ ಇರುವಂಥದ್ದು, ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಬ್ಯಾಗಿನಲ್ಲಿ ಒಂದು ಇಡಿ. ಹಲವು ಹೊಸ ಸೆಟ್‌ಗಳಲ್ಲಿ ಗುಂಡು ಪಿನ್ನಿನ ತೂತು ಇಲ್ಲ, ಅಂಥದ್ದಾದರೆ ಟೈಪ್ ಸಿ ಪಿನ್ನಿನದ್ದು ಕೇಳಿ ತೆಗೆದುಕೊಳ್ಳಿ. ನಂಬರ್ ನೀವು ಒತ್ತಿ, ಒಂದು ತುದಿ ಅವರ ಕಿವಿಗೆ, ಫೋನ್ ನಿಮ್ಮ ಕೈಯಲ್ಲಿ. ಅವರು ಮೆಲ್ಲ ಮಾತಾಡಬಹುದು, ನೀವು ಮುಖ ಆ ಕಡೆ ಮಾಡಿ ನಿಲ್ಲಬಹುದು. ನಾನೇ ಅಂಗಡಿಯ ಹೊರಗೆ ಎಷ್ಟೋ ಸಲ ಹೀಗೆ ಮಾಡಿದ್ದೇನೆ. ಒಬ್ಬರು ಅಮ್ಮ ವಯರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಾತಾಡಿದ್ದರು, ಬಿಟ್ಟರೆ ಕಾಲ್ ಕಟ್ ಆಗುತ್ತದೆ ಎನ್ನುವ ಹಾಗೆ.

ಕೈಗೇ ಕೊಡಲೇಬೇಕಾದ ಸಂದರ್ಭ ಬಂದರೆ ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ನಿಂಗ್ ಇದೆ, ಐಫೋನ್‌ನಲ್ಲಿ ಗೈಡೆಡ್ ಆಕ್ಸೆಸ್. ಆನ್ ಮಾಡಿಟ್ಟರೆ ಪರದೆಯ ಮೇಲೆ ಇರುವ ಆ್ಯಪ್ ಬಿಟ್ಟು ಬೇರೆಯದಕ್ಕೆ ಹೋಗಬೇಕಾದರೆ ನಿಮ್ಮ ಪಿನ್ ಕೇಳುತ್ತದೆ. ಎಲ್ಲ ಸೆಟ್‌ಗಳಲ್ಲಿ ಒಂದೇ ಥರ ಇರುವುದಿಲ್ಲ, ಹಾಗಾಗಿ ಮನೆಯಲ್ಲಿ ಒಮ್ಮೆ ಮಾಡಿ ನೋಡಿ, ಬಸ್ ಸ್ಟ್ಯಾಂಡಿನಲ್ಲಿ ಕಲಿಯಲು ಹೋಗಬೇಡಿ. ಮತ್ತೆ ಇದು ಓಡುವವನನ್ನು ತಡೆಯುವುದಿಲ್ಲ.

ಪ್ರಶ್ನೆ (ಮೂಲ್ಕಿಯಿಂದ):

ನಮ್ಮ ಕಡೆ ಪ್ರತಿ ಮನೆಯಿಂದ ಒಬ್ಬರು ಗಲ್ಫಿನಲ್ಲಿ. "ಮಗ ದುಬೈಯಲ್ಲಿದ್ದಾನೆ, ಅವನಿಗೆ ಮಾಡಿ" ಎಂದರೆ ಎಂತ ಮಾಡುವುದು ಮಾರಾಯ್ರೆ? ಮತ್ತೆ ನಮ್ಮ ನಂಬರಿನಿಂದ ಏನಾದರೂ ಕೆಟ್ಟ ಕೆಲಸಕ್ಕೆ ಕಾಲ್ ಹೋದರೆ?

ಉತ್ತರ:

ದುಬೈ ನಂಬರ್ +971ರಿಂದ ಶುರು, ಸೌದಿ +966. ಬೇರೆ ಏನೋ ವಿಚಿತ್ರ ಕೋಡ್ ಹೇಳಿದರೆ ಮಾಡಬೇಡಿ, ಕೆಲವು ದೇಶದ ನಂಬರುಗಳಿಗೆ ನಿಮಿಷಕ್ಕೆ ಭಾರೀ ಬಿಲ್ ಬರುತ್ತದೆ. ದುಬೈಗೆ ವಾಟ್ಸಾಪ್ ಕಾಲ್ ಸಾಮಾನ್ಯವಾಗಿ ಹೋಗುವುದಿಲ್ಲ, ಅಲ್ಲಿ ತಡೆ ಇದೆ. ಆದರೆ ವಾಯ್ಸ್ ಮೆಸೇಜ್ ಹೋಗುತ್ತದೆ. ಅಮ್ಮನ ದನಿಯಲ್ಲೇ ಅರ್ಧ ನಿಮಿಷ ರೆಕಾರ್ಡ್ ಮಾಡಿ ಕಳಿಸಿ, ಮಗನಿಗೆ ಅಷ್ಟು ಸಾಕು.

ಎರಡನೆಯದು. ಕಾಲ್ ಹೋದದ್ದು ನಿಮ್ಮ ನಂಬರಿನಿಂದ ಎಂದು ಕಂಪನಿಯ ದಾಖಲೆಯಲ್ಲಿ ಇರುತ್ತದೆ. ಅಪ್ಪಿತಪ್ಪಿ ಪೊಲೀಸರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನೀವೇ ಡಯಲ್ ಮಾಡಿ ಪಕ್ಕದಲ್ಲೇ ನಿಂತಿದ್ದರೆ ಎಲ್ಲಿ, ಎಷ್ಟು ಗಂಟೆಗೆ, ಯಾವ ನಂಬರಿಗೆ ಎಂದು ಹೇಳಲು ನಿಮಗೆ ಗೊತ್ತಿರುತ್ತದೆ. ಕಾಲ್ ಲಿಸ್ಟ್ ಅಳಿಸಬೇಡಿ. ಮತ್ತೆ ಇನ್ನೊಂದು, ಮನೆಯವರು ಆ ನಂಬರಿಗೇ ವಾಪಸ್ ಮಾಡುತ್ತಾರೆ, "ಅಜ್ಜ ಇನ್ನೂ ಅಲ್ಲೇ ಇದ್ದಾರಾ" ಎಂದು. ಅದನ್ನು ದಯವಿಟ್ಟು ತೆಗೆಯಿರಿ.

ಅಪಘಾತ, ಹೃದಯದ ನೋವು ಎಂದು ಯಾರಾದರೂ ಓಡಿ ಬಂದರೆ ಯೋಚನೆ ಮಾಡುತ್ತಾ ನಿಲ್ಲಬೇಡಿ, ನೀವೇ 108 ಅಥವಾ 112ಕ್ಕೆ ಮಾಡಿ. 112ಕ್ಕೆ ಲಾಕ್ ತೆಗೆಯುವುದೂ ಬೇಡ, ಲಾಕ್ ಪರದೆಯಲ್ಲೇ ಎಮರ್ಜೆನ್ಸಿ ಎಂದು ಇರುತ್ತದೆ.

ಮತ್ತೆ ಕೇಳಿದ್ದು (ಸುರತ್ಕಲ್‌ನಿಂದ):

ಅಣ್ಣಾ, ಓದಿ ಅಳು ಬಂತು. ಇಷ್ಟು ಸುಲಭ ಇತ್ತು ಅಲ್ವಾ. ಆ ಅಜ್ಜನಿಗೆ ಬೇರೆ ಯಾರಾದರೂ ಮಾಡಿ ಕೊಟ್ಟಿರಬಹುದು ಎಂದು ನಂಬಿಕೊಂಡಿದ್ದೇನೆ. ನನ್ನ ಅಜ್ಜಿಯೂ ಪ್ರತಿ ತಿಂಗಳು ಪುತ್ತೂರಿನಿಂದ ಮಂಗಳೂರಿಗೆ ಡಾಕ್ಟರ್ ಹತ್ತಿರ ಬರುತ್ತಾರೆ. ಕೀಪ್ಯಾಡ್ ಫೋನ್ ಇದೆ, ಆದರೆ ಒಂದು ನಂಬರೂ ಬಾಯಿಪಾಠ ಇಲ್ಲ. ಅವರಿಗೆ ಎಂತ ಮಾಡಲಿ?

ಉತ್ತರ:

ಆ ಅಜ್ಜನ ಹತ್ತಿರ ಚೀಟಿ ಇತ್ತು ನೋಡಿ, ಅವರ ಮನೆಯಲ್ಲಿ ಯಾರೋ ಯೋಚನೆ ಮಾಡಿ ಬರೆದು ಕೊಟ್ಟಿದ್ದಾರೆ. ನೀವೂ ಹಾಗೇ ಮಾಡಿ. ಈಗ ಯಾರಿಗೂ ನಂಬರ್ ನೆನಪಿರುವುದಿಲ್ಲ, ನನಗೂ ನನ್ನ ಹೆಂಡತಿಯದ್ದು ಬಿಟ್ಟರೆ ಇನ್ನೊಂದು ಬರುವುದಿಲ್ಲ. ಕೀಪ್ಯಾಡ್ ಸೆಟ್ಟಿನ ಬ್ಯಾಟರಿ ಸತ್ತರೆ ಅದರೊಳಗಿನ ಹೆಸರುಗಳೂ ಅದರ ಜೊತೆಗೇ ಹೋದ ಹಾಗೆ.

ಎರಡು ನಂಬರ್ ಬರೆಯಿರಿ, ಒಂದು ತೆಗೆಯದಿದ್ದರೆ ಇನ್ನೊಂದು. ಪಕ್ಕದಲ್ಲಿ ಹೆಸರು ಬೇಡ, "ಮೊಮ್ಮಗಳು", "ಮಗ" ಎಂದು ಬರೆದರೆ ಸಾಕು, ಓದುವವರಿಗೆ ಯಾರಿಗೆ ಮಾಡುತ್ತಿದ್ದೇನೆ ಎಂದು ತಿಳಿಯುತ್ತದೆ. ಅಂಕೆ ದೊಡ್ಡದಾಗಿ, 5 ಮತ್ತು 5 ಮಾಡಿ ಬಿಡಿಸಿ ಬರೆಯಿರಿ. ಗುರುತಿಲ್ಲದವರ ಕೈಗೆ ಫೋನ್ ಕೊಡು ಎನ್ನುವುದರ ಬದಲು "ಈ ನಂಬರಿಗೆ ಮಾಡಿ ಕೊಡಿ" ಎಂದು ಚೀಟಿ ತೋರಿಸಲು ಅಜ್ಜಿಗೆ ಹೇಳಿಕೊಡಿ. ಒಂದು ಪರ್ಸಿನಲ್ಲಿ, ಒಂದು ಆಸ್ಪತ್ರೆಯ ಫೈಲಿನಲ್ಲಿ. ಜೆಲ್ ಪೆನ್ನಿನಲ್ಲಿ ಬರೆಯಬೇಡಿ, ನಮ್ಮ ಮಳೆಗೆ ಅದು ಕರಗಿ ಇಡೀ ಕಾಗದ ನೀಲಿ ಆಗುತ್ತದೆ. ಬಾಲ್ ಪೆನ್, ಮೇಲಿಂದ ಅಗಲದ ಸೆಲ್ಲೋಟೇಪ್ ಎರಡೂ ಬದಿಗೆ.