ಕೌದಿ ಸುಕ್ಕಾಗ್ತಿದೆ, ಸಹಾಯ ಬೇಕು

ನಮಸ್ಕಾರ ರೀ ಎಲ್ಲರಿಗೂ, ಬಾಗಲಕೋಟೆಯಿಂದ. ಅಜ್ಜಿಯ ಹಳೆಯ ಇಳಕಲ್ ಸೀರೆಗಳಿಂದ ಕೌದಿ (ಹಳೆ ಬಟ್ಟೆಗಳ ಹೊದಿಕೆ) ಹೊಲಿಯುತ್ತಿದ್ದೇನೆ. ಒಳಗೆ ಎರಡು ಹತ್ತಿ ಸೀರೆ, ಮೇಲೆ ಗುಳೇದಗುಡ್ಡ ಖಣದ (ಕುಪ್ಪಸದ ಬಟ್ಟೆಯ) ತುಂಡುಗಳು. ಅಂಚಿನಿಂದ ಸುತ್ತುತ್ತಾ ನಡುವಿಗೆ ಬರುತ್ತಿದ್ದೇನೆ, ಅರ್ಧ ಮುಗಿದಿದೆ.

ಹತ್ತಿ ಇರುವಲ್ಲಿ ಹೊಲಿಗೆ ಚೆನ್ನಾಗಿ ಕೂತಿದೆ. ತೊಂದರೆ ಇಳಕಲ್ ಸೀರೆಯ ಸೆರಗಿನದು. ಅದು ರೇಷ್ಮೆ, ಸೂಜಿ ಚುಚ್ಚಿದರೆ ಜಾರುತ್ತದೆ. ಕೊಂಡಿ ಹಾಕಿ, ಅಂದ್ರೆ ನೂಲುಗಳನ್ನು ಒಂದಕ್ಕೊಂದು ಸಿಕ್ಕಿಸಿ, ಸೀರೆಯ ಒಡಲಿಗೆ ಸೇರಿಸಿದ ಜಾಗದಲ್ಲಂತೂ ಬಟ್ಟೆ ಉಬ್ಬಿ ಸುಕ್ಕಾಗಿದೆ. ಎರಡು ಸಲ ಬಿಚ್ಚಿದೆ. ಸೂಜಿಯ ತೂತುಗಳು ಹಾಗೇ ಉಳಿದಿವೆ, ಇನ್ನೊಮ್ಮೆ ಬಿಚ್ಚಲು ಭಯ.

ಆ ಕೆಂಪು, ತೆನೆ ವಿನ್ಯಾಸದ ಸೆರಗು ನಡುವೆಯೇ ಬರಬೇಕು. ಅಜ್ಜಿ ಹಬ್ಬಕ್ಕೆ ಉಡುತ್ತಿದ್ದುದು ಅದನ್ನೇ. ಅಡಿಗೆ ತೆಳು ಹತ್ತಿ ಬಟ್ಟೆ ಕೊಟ್ಟು ಮೊದಲು ಕಚ್ಚಾ ಹೊಲಿಗೆ ಹಾಕಲಾ? ದಾರ ಯಾವುದು ಒಳ್ಳೆಯದು? ಕೌದಿ ಹೊಲಿದವರು ದಯವಿಟ್ಟು ಹೇಳಿ, ನಿಮ್ಮದರ ಫೋಟೋನೂ ಹಾಕಿ.