ಈವ್ ಆನ್‌ಲೈನ್: ಲೆವೆಲ್ 3 ಮಿಷನ್‌ನಲ್ಲಿ ಎರಡು ಡ್ರೇಕ್ ಕಳೆದುಕೊಂಡೆ, ಎಲ್ಲಿ ತಪ್ಪುತ್ತಿದೆ?

ತಿಪಟೂರು ಹುಡುಗ:
ಎಲ್ಲರಿಗೂ ನಮಸ್ಕಾರ. ಈ ಬಾಹ್ಯಾಕಾಶ ಹಡಗುಗಳ ಆಟ ಶುರು ಮಾಡಿ ಎರಡು ತಿಂಗಳಾಯಿತು. ಆಲ್ಫಾ (ಉಚಿತ) ಅಕೌಂಟ್, ಕಾಲ್ಡಾರಿ ಬಣದ ಪೈಲಟ್. ಕೆಸ್ಟ್ರೆಲ್ ಹಡಗಿನಲ್ಲಿ ಲೆವೆಲ್ 1, ಕ್ಯಾರಕಲ್ ಹಡಗಿನಲ್ಲಿ ಲೆವೆಲ್ 2 ಮಿಷನ್‌ಗಳು ಸಲೀಸಾಗಿ ಮುಗಿದವು. ಸ್ಟ್ಯಾಂಡಿಂಗ್ (ಮಿಷನ್ ಕೊಡುವ ಏಜೆಂಟ್‌ಗಳ ಹತ್ತಿರದ ನಂಬಿಕೆ ಅಂಕ) 3 ದಾಟಿದ ದಿನವೇ ಇದ್ದ ಇಸ್ಕ್ (ಆಟದ ಹಣ) ಎಲ್ಲಾ ಹಾಕಿ ಡ್ರೇಕ್ ಅನ್ನೋ ಹಡಗು ತಗೊಂಡೆ. ಗುರಿಸ್ತಾಸ್ ದರೋಡೆಕೋರರ ಎದುರಿನ ‘ದಿ ಬ್ಲಾಕೇಡ್’ ಮಿಷನ್‌ನಲ್ಲಿ ಹೋಯಿತು. ಫ್ರೆಂಡ್ ಸಾಲ ಕೊಟ್ಟ, ಇನ್ನೊಂದು ತಗೊಂಡೆ. ಅದೇ ಮಿಷನ್ ನಡುವೆ ಮನೆಯಲ್ಲಿ ಕರೆಂಟ್ ಹೋಯಿತು. ವಾಪಸ್ ಬಂದು ನೋಡಿದರೆ ಹಡಗು ಹೋಗಿ ನಾನು ಬರೀ ಕ್ಯಾಪ್ಸೂಲ್‌ನಲ್ಲಿದ್ದೆ (ಪೈಲಟ್ ಕೂರುವ ಚಿಕ್ಕ ಡಬ್ಬಿ).

ಹಾಕಿಕೊಂಡಿದ್ದು: ನಾಲ್ಕು ಹೆವಿ ಮಿಸೈಲ್ ಲಾಂಚರ್, ಎರಡು ಲೈಟ್ ಮಿಸೈಲ್ ಲಾಂಚರ್. ಮಧ್ಯದ ಸ್ಲಾಟ್‌ಗಳಲ್ಲಿ ಶೀಲ್ಡ್ ತುಂಬಿಸುವ ಬೂಸ್ಟರ್, ಶೀಲ್ಡ್ ದೊಡ್ಡದು ಮಾಡುವ ಎರಡು ಎಕ್ಸ್‌ಟೆಂಡರ್, ವೇಗಕ್ಕೆ ಆಫ್ಟರ್‌ಬರ್ನರ್. ಕೆಳಗೆ ಆರ್ಮರ್ ರಿಪೇರರ್, ಆರ್ಮರ್ ಪ್ಲೇಟ್. ಮಿಸೈಲ್ ಎಲ್ಲಾ ಮ್ಯೋಲ್ನಿರ್. ಡ್ರೋನ್ ಇಲ್ಲ.

ಪಿಂಗ್ ಜಾಸ್ತಿ ಇರುವುದಕ್ಕೆ ಹೀಗಾಗುತ್ತಿದೆಯಾ? ಬ್ಯಾಟಲ್‌ಶಿಪ್ ತಗೊಂಡರೆ ತಡೆದುಕೊಳ್ಳುತ್ತದಾ?

ಬಂಗಾರಪೇಟೆ ಪೈಲಟ್:
ತಮ್ಮಾ, ಪಿಂಗ್ ಚಿಂತೆ ಬಿಡು. ಈ ಆಟದ ಸರ್ವರ್ ಸೆಕೆಂಡಿಗೆ ಒಂದು ಸಲ ಲೆಕ್ಕ ಹಾಕುತ್ತದೆ. ಇಲ್ಲಿಂದ ಲಂಡನ್‌ನಲ್ಲಿರುವ ಸರ್ವರ್‌ಗೆ ಹೋಗಿಬರುವ ಸಮಯ ಅದರೊಳಗೆ ಮುಚ್ಚಿಹೋಗುತ್ತದೆ. ಬ್ಯಾಟಲ್‌ಶಿಪ್ ಮಾತು ಈಗ ಬೇಡವೇ ಬೇಡ. ದೊಡ್ಡ ಹಡಗಿನ ಮಿಸೈಲ್ ಚಿಕ್ಕ ಫ್ರಿಗೇಟ್‌ಗೆ ಸರಿಯಾಗಿ ತಾಗುವುದಿಲ್ಲ, ಕಷ್ಟ ಇನ್ನೂ ಜಾಸ್ತಿ ಆಗುತ್ತದೆ.

ನಿನ್ನ ಹಡಗಿನಲ್ಲಿ ಶೀಲ್ಡೂ ಇದೆ, ಆರ್ಮರೂ ಇದೆ. ಮುಖ್ಯ ತಪ್ಪು ಅದೇ. ಶೀಲ್ಡ್ ಪೂರ್ತಿ ಹೋದಮೇಲೆ ತಾನೇ ಆರ್ಮರ್‌ಗೆ ಏಟು ಬೀಳುವುದು? ಅಲ್ಲಿಯವರೆಗೆ ಆ ಸ್ಲಾಟ್‌ಗಳು ಸುಮ್ನೆ ಕೂತಿರುತ್ತವೆ. ಆಮೇಲೆ ರಿಪೇರರ್ ಆನ್ ಮಾಡಿದರೆ ಬೂಸ್ಟರ್ ಜೊತೆ ಸೇರಿ ಕ್ಯಾಪಾಸಿಟರ್ (ಹಡಗಿನ ಬ್ಯಾಟರಿ) ಕುಡಿದುಬಿಡುತ್ತದೆ. ನಮ್ಮ ಕಡೆ ಒಂದೇ ಲೈನ್ ಮೇಲೆ ಎರಡು ಬೋರ್ ಮೋಟರ್ ಹಾಕಿದರೆ ಏನಾಗುತ್ತದೆ ಅಂತ ಗೊತ್ತಲ್ವಾ, ಎರಡರಲ್ಲೂ ನೀರು ಮೇಲೆ ಬರುವುದಿಲ್ಲ.

ಡ್ರೇಕ್ ಶೀಲ್ಡ್ ಹಡಗು, ಅದನ್ನೇ ನಂಬು. ಬೂಸ್ಟರ್ ತೆಗೆದು ಲಾರ್ಜ್ ಶೀಲ್ಡ್ ಎಕ್ಸ್‌ಟೆಂಡರ್ ಜಾಸ್ತಿ ಮಾಡು, ಜೊತೆಗೆ ಕೈನೆಟಿಕ್ (ಡಿಕ್ಕಿ) ಮತ್ತು ಥರ್ಮಲ್ (ಬಿಸಿ) ಏಟು ತಡೆಯುವ ಹಾರ್ಡನರ್. ಗುರಿಸ್ತಾಸ್ ಹೊಡೆಯುವುದು ಇವೆರಡರಿಂದಲೇ. ಕೆಳಗಿನ ಸ್ಲಾಟ್‌ಗಳಲ್ಲಿ ಮಿಸೈಲ್ ಏಟು ಹೆಚ್ಚಿಸುವ ಎರಡು ಬ್ಯಾಲಿಸ್ಟಿಕ್ ಕಂಟ್ರೋಲ್, ಉಳಿದದ್ದು ಶೀಲ್ಡ್ ಬೇಗ ತುಂಬಿಸುವ ಶೀಲ್ಡ್ ಪವರ್ ರಿಲೇ. ಲಾಂಚರ್ ಎಲ್ಲಾ ಹೆವಿ ಇರಲಿ. ಮ್ಯೋಲ್ನಿರ್ ಇಎಮ್ (ವಿದ್ಯುತ್ಕಾಂತೀಯ) ಏಟು, ಗುರಿಸ್ತಾಸ್‌ಗೆ ಅದು ನಾಟುವುದಿಲ್ಲ. ಸ್ಕರ್ಜ್ ತುಂಬು, ಅದು ಕೈನೆಟಿಕ್.

ಈಗ ಒಂದು ವಿಷಯ ಕಣ್ಣಿಟ್ಟು ನೋಡು. ಪರದೆಯ ಕೆಳಗೆ ಮೂರು ಕಮಾನು ಇವೆ, ಹೊರಗಿನದು ಶೀಲ್ಡ್. ಏಟು ಬಿದ್ದ ಹಾಗೆ ಬಿಳಿ ಹೋಗಿ ಕೆಂಪಾಗುತ್ತದೆ. ಅರ್ಧ ಕೆಂಪಾದ ಕೂಡಲೇ ಹೊಸಬರು ಗಾಬರಿಯಾಗಿ ಎಲ್ಲಾ ಬಟನ್ ಒತ್ತುತ್ತಾರೆ. ಶೀಲ್ಡ್ ತಾನಾಗಿ ತುಂಬಿಕೊಳ್ಳುವ ವೇಗ ಅತಿ ಜಾಸ್ತಿ ಇರುವುದು ಸುಮಾರು 25% ಉಳಿದಾಗ. ಹಾಗಾಗಿ ಕಮಾನು ಇಳಿಯುತ್ತಾ ಬಂದು 40%ರ ಹತ್ತಿರ ನಿಂತುಬಿಟ್ಟರೆ ಹಡಗು ತಡೆಯುತ್ತಿದೆ ಅಂತ ಅರ್ಥ. 30% ಕೂಡ ದಾಟಿ ಇಳಿಯುತ್ತಲೇ ಇದ್ದರೆ ಕಾಯಬೇಡ, ಹೊರಡು. ಅದಕ್ಕೆ ಮೊದಲೇ ಮೂತಿ ಸ್ಟೇಷನ್ ಕಡೆ ತಿರುಗಿಸಿ ಓಡುತ್ತಿರಬೇಕು. 75% ವೇಗ ಇದ್ದರೆ ಒತ್ತಿದ ತಕ್ಷಣ ವಾರ್ಪ್ ಆಗುತ್ತದೆ, ಅಂದರೆ ಒಮ್ಮೆಲೇ ದೂರಕ್ಕೆ ಹಾರುತ್ತದೆ.

ಬ್ಲಾಕೇಡ್‌ನಲ್ಲಿ ಶತ್ರುಗಳು ಅಲೆ ಅಲೆಯಾಗಿ ಬರುತ್ತಾರೆ. ಒಂದು ನಿರ್ದಿಷ್ಟ ಹಡಗು ಬಿದ್ದರೆ ಮುಂದಿನ ಅಲೆ ಬರುತ್ತದೆ. ಅದಕ್ಕೇ ಹೋಗುವ ಮುಂಚೆ ಮಿಷನ್ ವಿವರ ಇರುವ ‘ಈವ್ ಸರ್ವೈವಲ್’ ಪುಟ ಓದು, ಆ ಹಡಗನ್ನು ಕೊನೆಗೆ ಇಟ್ಟುಕೋ.

ಶಿಡ್ಲಘಟ್ಟ:
ಕರೆಂಟ್ ವಿಷಯ ನಾನು ಹೇಳುತ್ತೇನೆ, ನನಗೂ ಇದೇ ಆಗಿತ್ತು. ಸಂಪರ್ಕ ತಪ್ಪಿದರೆ ಹಡಗು ತಾನಾಗಿ ದೂರಕ್ಕೆ ವಾರ್ಪ್ ಆಗಲು ನೋಡುತ್ತದೆ. ಆದರೆ ಯಾವುದಾದರೂ ಫ್ರಿಗೇಟ್ ವಾರ್ಪ್ ತಡೆಯುವ ಸ್ಕ್ರಾಂಬ್ಲರ್ ಹಾಕಿ ಹಿಡಿದಿದ್ದರೆ ಅಲ್ಲೇ ನಿಂತು ಏಟು ತಿನ್ನುತ್ತದೆ. ನಿಮಗೆ ಆಗಿದ್ದು ಬಹುಶಃ ಇದೇ. ಡ್ರೇಕ್‌ನಲ್ಲಿ 5 ಲೈಟ್ ಡ್ರೋನ್‌ಗೆ ಜಾಗ ಇದೆ, ಖಾಲಿ ಬಿಡಬೇಡಿ. ಹಾಬ್‌ಗಾಬ್ಲಿನ್ ತಗೊಳ್ಳಿ. ಶತ್ರುಗಳೆಲ್ಲಾ ನಿಮ್ಮನ್ನು ಗುರಿ ಹಿಡಿದ ಮೇಲೆ ಬಿಡಿ, ಇಲ್ಲದಿದ್ದರೆ ಮೊದಲು ಡ್ರೋನ್‌ಗಳಿಗೇ ಹೊಡೆಯುತ್ತಾರೆ. ಹಿಡಿದಿರುವ ಫ್ರಿಗೇಟ್‌ ಮೇಲೆ ಮೊದಲು ಕಳಿಸಿ. ಗುರಿಸ್ತಾಸ್ ಜ್ಯಾಮ್ ಮಾಡಿ ನಿಮ್ಮ ಲಾಕ್ ಬಿಡಿಸಿದಾಗಲೂ ಡ್ರೋನ್ ಕೆಲಸ ಮುಂದುವರಿಸುತ್ತದೆ.

ಲ್ಯಾಪ್‌ಟಾಪ್ ಆದರೆ ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಸಾಕು. ಹಾಗೇ, ದಿನಾ ಸಂಜೆ 4:30ಕ್ಕೆ ಸರ್ವರ್ ನಿಲ್ಲುತ್ತದೆ, ಆಟದ ಗಡಿಯಾರದಲ್ಲಿ ಅದು 11:00. ನಾಲ್ಕು ಗಂಟೆಯ ನಂತರ ಉದ್ದದ ಮಿಷನ್ ಹಿಡಿಯಬೇಡಿ.

ಬಂಗಾರಪೇಟೆ ಪೈಲಟ್:
ಸಾಲದ ಮಾತು ಓದಿ ಬೇಜಾರಾಯಿತು. ಹೋದರೆ ಇನ್ನೊಂದು ಕೊಳ್ಳುವಷ್ಟು ಇಸ್ಕ್ ಕೈಯಲ್ಲಿ ಇಲ್ಲದಿದ್ದರೆ ಆ ಹಡಗು ಹತ್ತಬೇಡ ತಮ್ಮಾ. ಪ್ಲಾಟಿನಂ ಇನ್ಶೂರೆನ್ಸ್ ಮಾಡಿಸು, ಆದರೆ ಅದು ಹಡಗಿಗೆ ಮಾತ್ರ, ಒಳಗಿನ ಮಾಡ್ಯೂಲ್‌ಗಳಿಗೆ ಬರುವುದಿಲ್ಲ. ಸದ್ಯಕ್ಕೆ ಕ್ಯಾರಕಲ್‌ನಲ್ಲಿ ಲೆವೆಲ್ 2 ಮಾಡುತ್ತಿರು. ಇಲ್ಲದಿದ್ದರೆ ಆರ್ನಾನ್ ಅನ್ನೋ ಜಾಗಕ್ಕೆ ಹೋಗಿ ಸಿಸ್ಟರ್ ಅಲಿಟುರಾ ಅನ್ನೋ ಏಜೆಂಟ್ ಹತ್ತಿರ ಎಪಿಕ್ ಆರ್ಕ್ (ಕಥೆಯಂತೆ ಸಾಗುವ ಮಿಷನ್ ಸರಣಿ) ಶುರು ಮಾಡು. ಎಲ್ಲಾ ಲೆವೆಲ್ 1 ಮಿಷನ್‌ಗಳೇ, ಕೊನೆಯ ಶತ್ರು ಡೇಗನ್ ಮಾತ್ರ ಗಟ್ಟಿ, ಅವನಿಗೆ ಫ್ರಿಗೇಟ್ ಸಾಲುವುದಿಲ್ಲ. ಅಷ್ಟರಲ್ಲಿ ಶೀಲ್ಡ್ ಸ್ಕಿಲ್‌ಗಳು ಸರದಿಯಲ್ಲಿ ಓಡುತ್ತಿರಲಿ, ನೀನು ಮಲಗಿದ್ದಾಗಲೂ ಅವು ಬೆಳೆಯುತ್ತವೆ.

ಬೇಡದ ಮಿಷನ್ ಬಂದರೆ ಒಬ್ಬ ಏಜೆಂಟ್ ಹತ್ತಿರ 4 ಗಂಟೆಗೆ ಒಂದು ಸಲ ಬೇಡ ಅನ್ನಬಹುದು, ಸ್ಟ್ಯಾಂಡಿಂಗ್ ಇಳಿಯುವುದಿಲ್ಲ.

ತಿಪಟೂರು ಹುಡುಗ:
ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಆರ್ಕ್ ಮುಗಿಸಿದೆ, ಡೇಗನ್‌ಗೆ ಕ್ಯಾರಕಲ್ ತಗೊಂಡು ಹೋದೆ. ನಿನ್ನೆ ರಾತ್ರಿ ಹೊಸ ಡ್ರೇಕ್‌ನಲ್ಲಿ ಮತ್ತೆ ಬ್ಲಾಕೇಡ್ ಸಿಕ್ಕಿತು. ಮೂರನೇ ಅಲೆಯಲ್ಲಿ ಶೀಲ್ಡ್ 38%ಗೆ ಇಳಿದು ಅಲ್ಲೇ ನಿಂತಿತು. ಕೈ ನಡುಗುತ್ತಿತ್ತು, ಆದರೆ ಏನೂ ಒತ್ತದೆ ಕಾದೆ ಅಣ್ಣಾ. ಒಂದು ಡ್ರೋನ್ ಹೋಯಿತು ಅಷ್ಟೇ. ಬಂದ ಇಸ್ಕ್‌ನಲ್ಲಿ ಫ್ರೆಂಡ್‌ಗೆ ಅರ್ಧ ಸಾಲ ಕಳಿಸಿದೆ.

ಬಂಗಾರಪೇಟೆ ಪೈಲಟ್:
ತುಂಬಾ ಸಂತೋಷ ಆಯಿತು. ಮುಂದಿನ ಸಲ ಸರ್ಪೆಂಟಿಸ್ ಗುಂಪು ಬಂದರೂ ಇದೇ ಹಾರ್ಡನರ್ ನಡೆಯುತ್ತದೆ. ಸಾನ್ಶಾ ಅಥವಾ ಬ್ಲಡ್ ರೇಡರ್ ಗುಂಪು ಆದರೆ ಮಾತ್ರ ಕೈನೆಟಿಕ್ ತೆಗೆದು ಇಎಮ್ ಹಾಕಿಕೊಂಡು ಹೊರಡು, ಮಿಸೈಲೂ ಆಗ ಮ್ಯೋಲ್ನಿರ್. ಹಳೆಯದು ಬಿಸಾಡಿಲ್ಲ ತಾನೇ?