ಏರ್‌ಬ್ರಷ್ ಕಪ್ಪಿನಲ್ಲಿ ಬಣ್ಣ ಒಡೆದ ಹಾಲಿನಂತಾಗಿದೆ, ಏನು ಮಾಡಲಿ?

ಮಡಿಕೇರಿಯಿಂದ ಪ್ರಶ್ನೆ:
ಜನರಲ್ ತಿಮ್ಮಯ್ಯನವರ ಸನ್ನಿ ಸೈಡ್ ಮ್ಯೂಸಿಯಂ ಅಂಗಳದ ಯುದ್ಧ ಟ್ಯಾಂಕ್ ನೋಡಿ ಬಂದ ಮೇಲೆ ಮಗನಿಗೆ ಅಂಥದ್ದೇ ಬೇಕಾಯಿತು. 1/35 ಅಳತೆಯ ಟಿ-55 ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ ಕಿಟ್ ತರಿಸಿ ಇಬ್ಬರೂ ಜೋಡಿಸಿದೆವು. ಬಣ್ಣ ನೀರಿನ ಆಕ್ರಿಲಿಕ್, ಅದನ್ನು ಸಿಂಪಡಿಸುವ ಏರ್‌ಬ್ರಷ್‌ನ ನಾಜಲ್ (ಮೂತಿ) 0.3 ಮಿ.ಮೀ. ಬಣ್ಣ ತೆಳು ಮಾಡುವ ತಿನ್ನರ್ ಮುಗಿದಿತ್ತು. ಈ ಮಳೆಯಲ್ಲಿ ಕೊರಿಯರ್ ಯಾವಾಗ ಬರುತ್ತದೋ! ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಇತ್ತು, ಅದೂ ಆಲ್ಕೋಹಾಲೇ ಅಲ್ವಾ ಅಂತ ಸುರಿದೆ. ಬಣ್ಣ ಗಂಟುಗಂಟಾಗಿ ನಾಜಲ್ ಕಟ್ಟಿಕೊಂಡಿದೆ. ಟ್ಯಾಂಕಿನ ಮೇಲೂ ಚುಕ್ಕೆ ಚುಕ್ಕೆ ಎರಚಿದೆ. ನೇಲ್ ಪಾಲಿಶ್ ರಿಮೂವರ್‌ನಲ್ಲಿ ಎರಡನ್ನೂ ಒರೆಸಲಾ? ಬಟ್ಟೆ ಒಣಗಿಸಲು ಕೆಂಡ ಇಡುವ ಕೋಣೆಯಲ್ಲೇ ಕೆಲಸ, ಬೆಚ್ಚಗಿರುತ್ತದೆ.

ಸೋಮವಾರಪೇಟೆಯಿಂದ ಉತ್ತರ:
ಸರ್, ಬಣ್ಣದ ಮಾತು ಆಮೇಲೆ. ಮೊದಲು ಆ ಕೆಂಡದ ಕೋಣೆ ಬಿಡಿ. ಸ್ಪಿರಿಟ್, ತಿನ್ನರ್ ಆವಿಗೆ ಒಂದು ಕಿಡಿ ಸಾಕು. ಕಿಟಕಿ ತೆರೆದ ಜಗಲಿಗೆ ಹೋಗಿ, ಮಾಸ್ಕ್ ಹಾಕಿ.

ನೀರಿನ ಆಕ್ರಿಲಿಕ್‌ಗೆ ಜಾಸ್ತಿ ಆಲ್ಕೋಹಾಲ್ ಬಿದ್ದರೆ ಅಂಟು ಒಡೆದು ಗಂಟಾಗುತ್ತದೆ. ಸ್ಯಾನಿಟೈಸರ್‌ನಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಬೇರೆ ಇರುತ್ತದೆ, ಅದು ಬಣ್ಣ ಒಣಗಲು ಬಿಡುವುದಿಲ್ಲ. ತಿನ್ನರ್ ಬರುವವರೆಗೆ ಹೊಸ ಬಣ್ಣಕ್ಕೆ ಡಿಸ್ಟಿಲ್ಡ್ ವಾಟರ್ ಹನಿ ಹನಿಯಾಗಿ ಹಾಕಿ, ತೆಳ್ಳಗಿನ ಹಾಲಿನ ಹದಕ್ಕೆ ತನ್ನಿ. ತಮಿಯಾ ಕಂಪನಿಯ ಆಕ್ರಿಲಿಕ್ ಆಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಚೆನ್ನಾಗಿಯೇ ಹೊಂದುತ್ತಿತ್ತು. ಎನಾಮಲ್‌ಗೆ ಹಾರ್ಡ್‌ವೇರ್ ಅಂಗಡಿಯ ಟರ್ಪೆಂಟೈನ್. ಡಬ್ಬಿಯ ಮೇಲೆ ಆಕ್ರಿಲಿಕ್ ಅಂತ ಇದ್ದ ಮಾತ್ರಕ್ಕೆ ಎಲ್ಲಾ ಒಂದೇ ಜಾತಿ ಅಲ್ಲ.

ರಿಮೂವರ್ ಟ್ಯಾಂಕಿಗೆ ಮುಟ್ಟಿಸಲೇಬೇಡಿ. ಅಸಿಟೋನ್ ಇದ್ದರೆ ಪ್ಲಾಸ್ಟಿಕ್ಕೇ ಕರಗುತ್ತದೆ. ಐಸೊಪ್ರೊಪೈಲ್‌ನಲ್ಲಿ ಅದ್ದಿದ ಇಯರ್ ಬಡ್ಸ್‌ನಿಂದ ನಿಧಾನವಾಗಿ ಉಜ್ಜಿ, ಬಣ್ಣ ಬಿಡುತ್ತದೆ.

ಏರ್‌ಬ್ರಷ್‌ನ ಸೂಜಿ ತೆಗೆದು ನಾಜಲ್ ಬಿಚ್ಚಿ. ಮೆಲ್ಲಗೆ ತಿರುಗಿಸಿ, ಅದರ ಕುತ್ತಿಗೆ ತುಂಬಾ ಸೂಕ್ಷ್ಮ. ನಾನು ಒಂದನ್ನು ಮುರಿದು ಹಾಕಿದ್ದೇನೆ. ಐಸೊಪ್ರೊಪೈಲ್‌ನಲ್ಲಿ ಅರ್ಧ ಗಂಟೆ ನೆನೆಸಿ, ಚೂಪು ಮಾಡಿದ ಹಲ್ಲುಕಡ್ಡಿಯನ್ನು ಹಿಂಬದಿಯಿಂದ ತೂರಿಸಿ ಸುತ್ತಿಸಿ. ಹಸಿರು ಸಿಪ್ಪೆಯ ಹಾಗೆ ಸುರುಳಿ ಹೊರಬರುತ್ತದೆ. ಆಮೇಲೆ ಬೆಳಕಿಗೆ ಹಿಡಿಯಿರಿ, ತೂತು ದುಂಡಗೆ ಕಾಣಬೇಕು. ಬಿಡದಿದ್ದರೆ ಲ್ಯಾಕರ್ ಬಣ್ಣಕ್ಕೆ ಬಳಸುವ ಎನ್‌ಸಿ ತಿನ್ನರ್ ಹಾಕಬಹುದು, ಆದರೆ ಬರೀ ಲೋಹದ ಭಾಗಗಳಿಗೆ. ರಬ್ಬರ್ ರಿಂಗ್ ಅದರಲ್ಲಿ ಊದಿಕೊಳ್ಳುತ್ತದೆ.

ಮಡಿಕೇರಿಯಿಂದ ಮತ್ತೆ:
ನಾಜಲ್ ಬಿಟ್ಟಿತು, ಥ್ಯಾಂಕ್ಸ್! ನೀರು ಹಾಕಿಯೇ ಬಣ್ಣ ಹೊಡೆದೆ. ಈಗ ಹತ್ತು ನಿಮಿಷ ಚೆನ್ನಾಗಿ ಬಂದು, ಆಮೇಲೆ ನೀರಿನ ಹನಿ ಉಗುಳುತ್ತದೆ. ಬಣ್ಣ ತೆಳುವಾಯಿತಾ?

ವಿರಾಜಪೇಟೆಯಿಂದ ಉತ್ತರ:
ಬಣ್ಣದ್ದಲ್ಲ, ನಮ್ಮ ಮಳೆಗಾಲದ್ದು. ಏರ್‌ಬ್ರಷ್‌ಗೆ ಗಾಳಿ ಕೊಡುವ ಕಂಪ್ರೆಸರ್ ಒತ್ತಿದ ಗಾಳಿ ಬಿಸಿಯಾಗಿರುತ್ತದೆ, ಪೈಪಿನಲ್ಲಿ ತಣ್ಣಗಾಗುತ್ತಾ ತೇವ ನೀರಾಗುತ್ತದೆ. ಗಾಳಿ ತುಂಬುವ ಟ್ಯಾಂಕ್ ಇರುವ ಕಂಪ್ರೆಸರ್ ಆದರೆ ಕೆಳಗಿನ ವಾಲ್ವ್ ಬಿಚ್ಚಿ ನೀರು ಬಿಡಿ. ಏರ್‌ಬ್ರಷ್ ಹತ್ತಿರವೇ ಗಾಳಿಯ ನೀರು ಹಿಡಿಯುವ ಇನ್ನೊಂದು ವಾಟರ್ ಟ್ರ್ಯಾಪ್ ಸಿಕ್ಕಿಸಿ. ಒತ್ತಡ 15–20 ಪಿಎಸ್‌ಐ ಸಾಕು. ಕೊನೆಗೆ ಲ್ಯಾಕರ್ ವಾರ್ನಿಷ್ ಹೊಡೆಯುವುದಿದ್ದರೆ ಬಿಸಿಲು ಕಾಣುವವರೆಗೆ ಕಾಯಿರಿ, ಈ ತೇವಕ್ಕೆ ಮಂಜು ಕವಿದಂತೆ ಬಿಳಿಚಿಕೊಳ್ಳುತ್ತದೆ.

ಮಡಿಕೇರಿಯಿಂದ:
ವಾಲ್ವ್ ಬಿಚ್ಚಿದರೆ ಅರ್ಧ ಲೋಟ ನೀರು! ಈಗ ಸರಿಯಾಗಿದೆ. ಒಂದು ವಿಷಯ ಹೇಳಿರಲಿಲ್ಲ, ಪ್ರಶ್ನೆ ಹಾಕುವ ಮೊದಲೇ ಟ್ಯಾಂಕಿನ ಡ್ರೈವರ್ ಹ್ಯಾಚ್ (ಚಾಲಕ ಒಳಗಿಳಿಯುವ ಮುಚ್ಚಳ) ಮೇಲೆ ರಿಮೂವರ್ ಒಂದು ಹನಿ ಬಿದ್ದಿತ್ತು. ಅಲ್ಲಿ ಪ್ಲಾಸ್ಟಿಕ್ ಕರಗಿ ಗುಳಿಯಾಗಿದೆ. ಮಗ ಅದನ್ನು ಗುಂಡು ತಗುಲಿದ ಜಾಗ ಅನ್ನುತ್ತಿದ್ದಾನೆ. ನಾನೂ ಹೂಂ ಅಂದೆ.